ಹೋಟೆಲ್, ಅಂಗಡಿಯ ಹಿನ್ನೆಲೆ ಹಾಡು: ಮಂಗಳೂರು-ಉಡುಪಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ, ಮಣಿಪಾಲದ ಹೋಟೆಲು, ಬಟ್ಟೆ ಅಂಗಡಿ, ಕ್ಲಿನಿಕ್‌ಗಳಿಗೆ ಸ್ಪೀಕರ್ ಜೋಡಿಸಿಕೊಡುವುದು ನನ್ನ ಕೆಲಸ. ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ನಾನು ಏಣಿ ಹತ್ತಿ ವಯರ್ ಎಳೆಯುತ್ತಿರುವಾಗ ಧನಿಗಳು ಕೆಳಗೆ ನಿಂತು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಗಿರಾಕಿಗಳು ಕೇಳುವುದು ಬೇರೆ. ಎರಡನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಹೊಸದಾಗಿ ಅಂಗಡಿ ತೆರೆಯುವವರು ಸ್ಪೀಕರ್ ಕೊಳ್ಳುವ ಮೊದಲು ಓದಿದರೆ ನನಗೆ ಸಂತೋಷ.

ಹಾಡು ಹಾಕಿದರೆ ವ್ಯಾಪಾರ ಜಾಸ್ತಿ ಆಗುತ್ತದಾ?

ಆಗಬಹುದು. ಆದರೆ ಸುಮ್ನೆ ಹಾಡು ಹಾಕಿದ ಮಾತ್ರಕ್ಕೆ ಆಗುವುದಿಲ್ಲ. ಹಾಡಿನ ಓಟ ಎಷ್ಟು, ಸೌಂಡ್ ಎಷ್ಟು, ನಿಮ್ಮ ಅಂಗಡಿ ಎಂಥದ್ದು, ಇದೆಲ್ಲ ಸೇರಿ ಲೆಕ್ಕಕ್ಕೆ ಬರುತ್ತದೆ.

ಈ ವಿಷಯದಲ್ಲಿ ಎಲ್ಲರೂ ಹೇಳುವ ಒಂದು ಅಧ್ಯಯನ ಉಂಟು. ಅಮೆರಿಕದ ರೊನಾಲ್ಡ್ ಮಿಲಿಮನ್ ಎಂಬವರು 1982ರಲ್ಲಿ ಪ್ರಕಟಿಸಿದ್ದು. ಒಂದು ಸೂಪರ್‌ಮಾರ್ಕೆಟಿನಲ್ಲಿ ಕೆಲವು ದಿನ ನಿಧಾನದ ಸಂಗೀತ, ಕೆಲವು ದಿನ ವೇಗದ ಸಂಗೀತ, ಕೆಲವು ದಿನ ಏನೂ ಇಲ್ಲ. ನಿಧಾನ ಅಂದರೆ ನಿಮಿಷಕ್ಕೆ 72 ಅಥವಾ ಅದಕ್ಕಿಂತ ಕಮ್ಮಿ ತಾಳ. ವೇಗ ಅಂದರೆ 94 ಅಥವಾ ಅದಕ್ಕಿಂತ ಜಾಸ್ತಿ. ಎಲ್ಲವೂ ಬರೀ ವಾದ್ಯ, ಹಾಡುವ ದನಿ ಇಲ್ಲ. ನಿಧಾನದ ಸಂಗೀತ ಇದ್ದ ದಿನ ಜನ ನಿಧಾನ ನಡೆದರು. ಆ ದಿನಗಳ ವ್ಯಾಪಾರ, ವೇಗದ ಸಂಗೀತ ಇದ್ದ ದಿನಗಳಿಗಿಂತ ಸುಮಾರು 38 ಶೇಕಡ ಜಾಸ್ತಿ.

ಈ 38 ನೋಡಿ ಯಾರೂ ಆಸೆ ಪಡಬೇಡಿ. ಅದು ಒಂದು ಅಂಗಡಿಯ ಲೆಕ್ಕ, ಕೆಲವೇ ವಾರಗಳದ್ದು. ಅಲ್ಲಿ ಜನ ಗಾಡಿ ತಳ್ಳಿಕೊಂಡು ಸಾಲು ಸಾಲು ಕಪಾಟಿನ ನಡುವೆ ನಡೆಯುತ್ತಾರೆ. ನಡಿಗೆ ನಿಧಾನವಾದರೆ ಕಣ್ಣಿಗೆ ಬೀಳುವ ಸಾಮಾನು ಜಾಸ್ತಿ, ಅದಕ್ಕೇ ವ್ಯಾಪಾರ ಏರಿದ್ದು. ಭವಂತಿ ಸ್ಟ್ರೀಟಿನ ಕಿರಾಣಿ ಅಂಗಡಿಯಲ್ಲಿ ಗಿರಾಕಿ ಚೀಟಿ ಕೊಟ್ಟು ಮೆಟ್ಟಿಲ ಮೇಲೆ ನಿಲ್ಲುತ್ತಾರೆ, ನಡೆಯುವುದೇ ಇಲ್ಲ. ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ನಮ್ಮದು ಮೀನೂಟದ ಹೋಟೆಲ್. ಮಧ್ಯಾಹ್ನ ರಶ್ಶೋ ರಶ್ಶು. ಸ್ಪೀಡ್ ಹಾಡು ಹಾಕಿದರೆ ಗಿರಾಕಿ ಬೇಗ ಏಳುತ್ತಾರಾ?

ಬೇಗ ಉಣ್ಣುತ್ತಾರೆ, ಅದು ನಿಜ. ಅಮೆರಿಕದ ಒಂದು ಕಾಲೇಜು ಕ್ಯಾಂಟೀನಿನಲ್ಲಿ 1985ರಲ್ಲಿ ತುತ್ತು ಎಣಿಸಿದ್ದಾರೆ. ವೇಗದ ಸಂಗೀತಕ್ಕೆ ನಿಮಿಷಕ್ಕೆ ಸುಮಾರು 4.4 ತುತ್ತು, ನಿಧಾನದ್ದಕ್ಕೆ ಸುಮಾರು 3.8. ಮರುವರ್ಷ ಅದೇ ಮಿಲಿಮನ್ ಒಂದು ರೆಸ್ಟೊರೆಂಟಿನ ಲೆಕ್ಕ ಕೊಟ್ಟರು. ನಿಧಾನದ ಸಂಗೀತ ಇದ್ದಾಗ ಒಂದು ಟೇಬಲಿನವರು 56 ನಿಮಿಷ ಕೂತರು, ವೇಗದ್ದು ಇದ್ದಾಗ 45 ನಿಮಿಷ. ಊಟದ ಬಿಲ್ಲಿನಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಜಾಸ್ತಿ ಆದದ್ದು ಕುಡಿಯುವುದರ ಬಿಲ್ಲು.

ಇದನ್ನು ನಮ್ಮ ಊರಿಗೆ ತಂದು ಯೋಚನೆ ಮಾಡಿ. ಮಧ್ಯಾಹ್ನ ಒಂದೂವರೆಗೆ ಮೀನೂಟದ ಹೋಟೆಲಿನಲ್ಲಿ ಪ್ರತಿ ಕುರ್ಚಿಯ ಹಿಂದೆ ಒಬ್ಬರು ಟೋಕನ್ ಹಿಡಿದು ನಿಂತಿರುತ್ತಾರೆ. ಉಣ್ಣುವವನಿಗೆ ಬೆನ್ನ ಹಿಂದಿನ ಆ ಕಣ್ಣು ಸಾಕು, ಹಾಡಿನ ಅವಸರ ಬೇಡ. ಹಾಗೆ ನೋಡಿದರೆ ಆ ಹೊತ್ತಿಗೆ ಹಾಡೇ ಬೇಡ ಅಂತ ನಾನು ಹೇಳುವುದು. ಸ್ಟೀಲ್ ತಟ್ಟೆ, ತವಾ ಫ್ರೈಯ ಚುಂಯ್, "ಎರಡು ಅಂಜಲ್, ಒಂದು ಬೂತಾಯಿ" ಎಂಬ ಕೂಗು, ಇಷ್ಟೆಲ್ಲ ಇರುವಾಗ ಅದರ ಮೇಲೆ ಹಾಡು ಹಾಕಿದರೆ ಸಪ್ಲಾಯರಿಗೆ ಆರ್ಡರ್ ತಪ್ಪುತ್ತದೆ. ಅಂಜಲ್ ಕೇಳಿದವರಿಗೆ ಬಂಗುಡೆ ಬಂದರೆ ಆ ತಟ್ಟೆ ಒಳಗೆ ಹೋಗಿ ಬರುವಷ್ಟರಲ್ಲಿ ನೀವು ಉಳಿಸಿದ ನಿಮಿಷ ಮುಗಿಯಿತು.

ಸಂಜೆ ಬೇರೆ. ಫ್ಯಾಮಿಲಿ ಬಂದು ಗಡ್‌ಬಡ್ ತಿಂದು ಮಾತಾಡುತ್ತಾ ಕೂರುವ ಐಸ್‌ಕ್ರೀಮ್ ಪಾರ್ಲರಿಗೆ ನಿಧಾನದ ಸಂಗೀತ ಒಪ್ಪುತ್ತದೆ. ಕೂತಷ್ಟು ಹೊತ್ತು ಇನ್ನೊಂದು ಆರ್ಡರ್ ಬರುವ ಜಾಗ ಅದು.

ಗಿರಾಕಿಗೆ ಇದೆಲ್ಲ ಗೊತ್ತೇ ಆಗುವುದಿಲ್ಲವಾ?

ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ನನಗೆ ಸ್ವಲ್ಪ ಭಯ ಹುಟ್ಟಿಸುವ ವಿಷಯ ಇದೇ.

ಇಂಗ್ಲೆಂಡಿನ ಒಂದು ಸೂಪರ್‌ಮಾರ್ಕೆಟಿನಲ್ಲಿ ನಡೆದ ಪ್ರಯೋಗ ಕೇಳಿ. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದದ್ದು. ವೈನ್ ಇಡುವ ಕಪಾಟಿನ ಹತ್ತಿರ ಒಂದು ದಿನ ಫ್ರಾನ್ಸಿನ ಅಕಾರ್ಡಿಯನ್, ಮತ್ತೊಂದು ದಿನ ಜರ್ಮನಿಯ ಬ್ಯಾಂಡ್ ಸೆಟ್. ಹೀಗೇ ಎರಡು ವಾರ. ಫ್ರಾನ್ಸಿನ ಸಂಗೀತ ಇದ್ದಾಗ ಫ್ರಾನ್ಸಿನ ವೈನ್ 40 ಬಾಟ್ಲಿ ಹೋಯಿತು, ಜರ್ಮನಿಯದ್ದು 8. ಸಂಗೀತ ಬದಲಾದಾಗ ಜರ್ಮನಿಯದ್ದು 22, ಫ್ರಾನ್ಸಿನದ್ದು 12. ಕೊಂಡವರನ್ನು ನಿಲ್ಲಿಸಿ ಕೇಳಿದರು. ಉತ್ತರ ಕೊಟ್ಟ 44 ಜನರಲ್ಲಿ ಹಾಡಿನಿಂದ ತಮ್ಮ ಆಯ್ಕೆ ಬದಲಾಯಿತು ಅಂತ ಒಪ್ಪಿದವರು 6 ಜನ.

ಅಂದರೆ ಹಾಡು ಕಿವಿಗೆ ಬೀಳುತ್ತದೆ, ಮನಸ್ಸಿನಲ್ಲಿ ಒಂದು ಚಿತ್ರ ಎಬ್ಬಿಸುತ್ತದೆ, ಕೈ ಅತ್ತ ಹೋಗುತ್ತದೆ. ನಮ್ಮಲ್ಲಿ ಬಟ್ಟೆ ಅಂಗಡಿಯವರು ಇದನ್ನು ಓದದೆಯೇ ತಿಳಿದುಕೊಂಡಿದ್ದಾರೆ. ಮದುವೆ ಸೀಸನ್‌ನಲ್ಲಿ ರೇಷ್ಮೆ ಸೀರೆಯ ಮಹಡಿಗೆ ಸ್ಯಾಕ್ಸೊಫೋನ್ ಹಾಕುತ್ತಾರೆ. ಈ ಊರಲ್ಲಿ ಸ್ಯಾಕ್ಸೊಫೋನ್ ಅಂದರೆ ಮದುವೆ ಹಾಲ್, ಧಾರೆ, ಮಲ್ಲಿಗೆ. ಬಂಟ್ವಾಳದ ಸಜಿಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಆ ವಿದೇಶಿ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ಅದು ನಮ್ಮ ಮನೆಯ ಶುಭಕಾರ್ಯದ ಸದ್ದೇ ಆಗಿಹೋಗಿದೆ. ಬೇರೆ ಊರಿನ ಬಟ್ಟೆ ಅಂಗಡಿಯಲ್ಲಿ ಅದೇ ವಾದ್ಯ ನುಡಿಸಿದರೆ ಇಷ್ಟು ಕೆಲಸ ಮಾಡಲಿಕ್ಕಿಲ್ಲ.

ಇದರಲ್ಲಿ ಮೋಸ ಉಂಟಾ ಅಂತ ಒಬ್ಬರು ಅಕ್ಕ ನನ್ನನ್ನು ಕೇಳಿದ್ದರು. ಸೀರೆ ತೆಗೆಯಲು ಬಂದವರಿಗೆ ಮದುವೆಯ ಸಂಭ್ರಮ ನೆನಪಿಸುವುದು ಮೋಸ ಅಂತ ನನಗೆ ಅನಿಸುವುದಿಲ್ಲ. ಬೆಲೆ ಕೇಳಿಸದ ಹಾಗೆ ಜೋರು ಹಾಕಿದರೆ ಅದು ತಪ್ಪು.

ಹಾಗಾದರೆ ಎಷ್ಟು ಸೌಂಡ್ ಇಡಬೇಕು?

ಈ ಪುಟ ಬರೆಯಲು ಕೂತದ್ದೇ ಈ ಪ್ರಶ್ನೆಗಾಗಿ. ಯಾವ ಹಾಡು ಅಂತ ಧನಿಗಳು ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ಎಷ್ಟು ಸೌಂಡ್ ಅಂತ ಕೇಳುವವರು ಕಮ್ಮಿ.

ಐದು ವರ್ಷದ ಹಿಂದೆ ಮಗಳ ಹುಟ್ಟಿದ ದಿನಕ್ಕೆ ಮನೆಯವರೆಲ್ಲ ಮಂಗಳೂರಿನ ಒಂದು ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ಅಮ್ಮನಿಗೆ ಎಂಬತ್ತರ ಹತ್ತಿರ. ಎರಡೂ ಕಿವಿಗೆ ಮಿಷನ್. ನಾವು ಕೂತ ಟೇಬಲಿನ ನೆತ್ತಿಯ ಮೇಲೆಯೇ ಸ್ಪೀಕರ್. ಮಗಳು ಅಜ್ಜಿಗೆ ಶಾಲೆಯ ಕತೆ ಹೇಳುತ್ತಿದ್ದಳು. ಅಮ್ಮ ಮೊದಲು ತಲೆ ಆಡಿಸಿದರು. ಆಮೇಲೆ "ಆಂ?" ಅಂದರು. ಮೂರನೇ ಸಲ ಕೇಳಲಿಲ್ಲ. ಕೈ ಕಿವಿಗೆ ಹೋಯಿತು. ಒಂದೊಂದೇ ಮಿಷನ್ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಪರ್ಸಿಗೆ ಹಾಕಿದರು. ಊಟ ಮುಗಿಯುವ ತನಕ ತಟ್ಟೆ ನೋಡಿಕೊಂಡೇ ಇದ್ದರು.

ಆ ಸ್ಪೀಕರ್ ಹಾಕಿದವನು ನಾನೇ. ವಯರಿಂಗ್ ಸರಿ ಇತ್ತು, ಸೌಂಡ್ ಒಡೆಯುತ್ತಿರಲಿಲ್ಲ, ಧನಿಗೆ ಖುಷಿಯಾಗಿತ್ತು. ಆದರೆ ಕೆಲಸ ಮುಗಿದ ಮೇಲೆ ಆ ಕುರ್ಚಿಯಲ್ಲಿ ಕೂತು ನಾನು ಒಮ್ಮೆಯೂ ಕೇಳಿರಲಿಲ್ಲ.

ಕಿವಿಯ ಮಿಷನ್ ಹಾಕಿದವರಿಗೆ ಏನಾಗುತ್ತದೆ ಅಂದರೆ, ಮಿಷನ್ ಮಾತನ್ನೂ ದೊಡ್ಡದು ಮಾಡುತ್ತದೆ, ಹಾಡನ್ನೂ ದೊಡ್ಡದು ಮಾಡುತ್ತದೆ. ಹೊಸ ಮಿಷನ್‌ಗಳು ಬೇರ್ಪಡಿಸಲು ಪ್ರಯತ್ನ ಪಡುತ್ತವೆ, ಆದರೆ ಹಾಡೂ ಮನುಷ್ಯರ ದನಿಯೇ ಆದರೆ ಕಷ್ಟ. ಮಿಷನ್ ಇಲ್ಲದ ವಯಸ್ಸಾದವರಿಗೂ ಗದ್ದಲದ ನಡುವೆ ಮಾತು ಹಿಡಿಯುವುದು ಕಷ್ಟವೇ.

ಈಗ ಲೆಕ್ಕಕ್ಕೆ ಬರೋಣ. ಸದ್ದು ಎಷ್ಟು ಜೋರು ಅಂತ ಅಳೆಯುವುದು ಡೆಸಿಬೆಲ್ ಲೆಕ್ಕದಲ್ಲಿ. ಒಂದು ಮೀಟರ್ ದೂರದಲ್ಲಿ ಕೂತು ಸಾಮಾನ್ಯವಾಗಿ ಮಾತಾಡಿದರೆ ಅದು 60 ಡೆಸಿಬೆಲ್ ಆಸುಪಾಸು. ಮಾತು ಸಲೀಸಾಗಿ ಕೇಳಬೇಕಾದರೆ ಹಿಂದಿನ ಸದ್ದು ಅದಕ್ಕಿಂತ ಹತ್ತು ಡೆಸಿಬೆಲ್ಲಾದರೂ ಕೆಳಗೆ ಇರಬೇಕು. ಹಾಡು 70ಕ್ಕೆ ಹೋದರೆ ಜನ ಕೂಗಿ ಮಾತಾಡಲು ಶುರು ಮಾಡುತ್ತಾರೆ. ಪಕ್ಕದ ಟೇಬಲಿನವರು ಅದನ್ನು ಮೀರಿ ಕೂಗುತ್ತಾರೆ. ಗಲ್ಲಾದಲ್ಲಿ ಕೂತವರಿಗೆ ಹಾಡು ಕೇಳುವುದಿಲ್ಲ, ವಾಲ್ಯೂಮ್ ಇನ್ನೂ ಏರಿಸುತ್ತಾರೆ. ಸದ್ದು ಏರಿದ ಹಾಗೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ ಅಂತ ಫ್ರಾನ್ಸಿನ ಕಿವಿ-ಗಂಟಲು ಡಾಕ್ಟರ್ ಎತಿಯೆನ್ ಲೊಂಬಾರ್ಡ್ ನೂರು ವರ್ಷಕ್ಕೂ ಹಿಂದೆ, 1911ರಲ್ಲೇ ಬರೆದಿದ್ದಾರೆ. ಅವರ ಹೆಸರಿನಿಂದಲೇ ಅದನ್ನು ಲೊಂಬಾರ್ಡ್ ಪರಿಣಾಮ ಅಂತ ಕರೆಯುವುದು.

ನಾನು ಈಗ ಮಾಡುವುದು ಹೀಗೆ. ಹೋಟೆಲ್ ಅರ್ಧ ತುಂಬಿರುವಾಗ ಹೋಗುತ್ತೇನೆ. ಖಾಲಿ ಇದ್ದಾಗ ಸೆಟ್ ಮಾಡಿದ ಸೌಂಡ್ ಯಾವತ್ತೂ ಸರಿ ಬರುವುದಿಲ್ಲ. ಮೂರು ನಾಲ್ಕು ಟೇಬಲಿನಲ್ಲಿ ಕೂತು, ಎದುರು ಒಬ್ಬರನ್ನು ಕೂರಿಸಿ ಮೆಲ್ಲ ಮಾತಾಡಲು ಹೇಳುತ್ತೇನೆ. ಒಂದು ಶಬ್ದ ತಪ್ಪಿದರೂ ವಾಲ್ಯೂಮ್ ಇಳಿಸುತ್ತೇನೆ. ಸರಿಯಾದ ಜಾಗ ಸಿಕ್ಕಿದ ಮೇಲೆ ಆಂಪ್ಲಿಫೈಯರಿನ ಗುಂಡಿಯ ಪಕ್ಕ ಕೆಂಪು ನೈಲ್ ಪಾಲಿಶ್‌ನಿಂದ ಒಂದು ಗೆರೆ. "ಇದಕ್ಕಿಂತ ಮೇಲೆ ಬೇಡ ಅಣ್ಣ" ಅಂತ ಹೇಳಿ ಬರುತ್ತೇನೆ.

ಮೊಬೈಲಿನಲ್ಲಿ ಸದ್ದು ಅಳೆಯುವ ಉಚಿತ ಆ್ಯಪ್‌ಗಳು ಸಿಗುತ್ತವೆ. ಪಕ್ಕಾ ಲೆಕ್ಕಕ್ಕೆ ಸಾಲುವುದಿಲ್ಲ. ಆದರೆ ಈ ಟೇಬಲಿಗೂ ಆ ಟೇಬಲಿಗೂ ಎಷ್ಟು ವ್ಯತ್ಯಾಸ ಅಂತ ನೋಡಲು ಧಾರಾಳ ಸಾಕು.

ಮಳೆಗಾಲದಲ್ಲಿ ಸೌಂಡ್ ಕೇಳುವುದೇ ಇಲ್ಲ. ಜಾಸ್ತಿ ಮಾಡಬಹುದಲ್ವಾ?

ಜೂನ್, ಜುಲೈಯಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಡೆದರೆ ಎದುರು ಕೂತವರ ಮಾತೂ ಕೇಳದು. ಆಗ ವಾಲ್ಯೂಮ್ ಏರಿಸುತ್ತೀರಿ. ಹತ್ತು ನಿಮಿಷದಲ್ಲಿ ಮಳೆ ನಿಲ್ಲುತ್ತದೆ. ಇಳಿಸುವವರು ಯಾರೂ ಇಲ್ಲ! ಕರಾವಳಿಯ ಹೋಟೆಲುಗಳಲ್ಲಿ ನಾನು ಕಂಡ ಜೋರು ಸೌಂಡಿಗೆ ಅರ್ಧ ಕಾರಣ ಈ ಮಳೆಯೇ. ಜೋರು ಮಳೆಗೆ ಹಾಡು ನಿಲ್ಲಿಸಿಬಿಡಿ. ಬಿಸಿ ಗೋಳಿಬಜೆ, ಚಾ, ಹೊರಗೆ ಮಳೆ. ಆ ಹೊತ್ತಿಗೆ ಯಾರಿಗೂ ಹಾಡು ಬೇಕಾಗಿರುವುದಿಲ್ಲ.

ಎರಡು ದೊಡ್ಡ ಸ್ಪೀಕರ್ ಸಾಕಾ? ಆರು ಸಣ್ಣದು ಯಾಕೆ?

ಸ್ಪೀಕರಿನಿಂದ ದೂರ ಹೋದ ಹಾಗೆ ಸದ್ದು ಇಳಿಯುತ್ತದೆ. ಬಯಲಲ್ಲಾದರೆ ದೂರ ಎರಡು ಪಟ್ಟಾದಾಗ 6 ಡೆಸಿಬೆಲ್ ಕಮ್ಮಿ. ಒಂದು ಮೂಲೆಯಲ್ಲಿ ಎರಡು ದೊಡ್ಡ ಪೆಟ್ಟಿಗೆ ಇಟ್ಟರೆ ಆಚೆ ಮೂಲೆಗೆ ಮುಟ್ಟಿಸಲು ಜೋರು ಮಾಡಲೇಬೇಕು. ಹತ್ತಿರ ಕೂತವರ ತಲೆ ಸಿಡಿಯುತ್ತದೆ. ಸಣ್ಣ ಸ್ಪೀಕರ್ ಆರು ಕಡೆ ಹಂಚಿದರೆ ಪ್ರತಿಯೊಂದೂ ಮೆಲ್ಲ ಹಾಡಿದರೆ ಸಾಕು. ಖರ್ಚು ಸ್ವಲ್ಪ ಜಾಸ್ತಿ, ವಯರಿನ ಕೆಲಸ ಜಾಸ್ತಿ. ಆದರೂ ನಾನು ಅದನ್ನೇ ಹೇಳುವುದು.

ಇನ್ನೊಂದು ವಿಷಯ. ಈಗಿನ ಹೋಟೆಲುಗಳಲ್ಲಿ ನೆಲಕ್ಕೆ ಟೈಲ್ಸ್, ಟೇಬಲಿಗೆ ಗ್ರಾನೈಟ್, ಮೂರು ಕಡೆ ಗಾಜು, ಮೇಲೆ ಕಾಂಕ್ರೀಟು. ಸದ್ದು ಎಲ್ಲಿಗೂ ಹೋಗದೆ ಅಲ್ಲೇ ಸುತ್ತುತ್ತದೆ. ಹಂಚಿನ ಮಾಡಿನ ಹಳೆಯ ಹೋಟೆಲುಗಳಲ್ಲಿ ಇಷ್ಟು ಗದ್ದಲ ಇರುತ್ತಿರಲಿಲ್ಲ, ಸದ್ದು ಸಂದಿಯಿಂದ ಹೊರಗೆ ಹೋಗುತ್ತಿತ್ತು. ದಪ್ಪ ಪರದೆ, ಗೋಡೆಗೆ ತೆಂಗಿನ ನಾರಿನ ಚಾಪೆ, ಮಾಡಿನ ಕೆಳಗೆ ಸದ್ದು ಹೀರುವ ಹಾಳೆ, ಇಷ್ಟು ಮಾಡಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಸ್ಪೀಕರಿಗೆ ಇಟ್ಟ ದುಡ್ಡಿನಲ್ಲಿ ಸ್ವಲ್ಪ ಇದಕ್ಕೆ ಇಡಿ.

ಯಾವ ಭಾಷೆಯ ಹಾಡು ಹಾಕಲಿ?

ಒಂದೇ ಅಂಗಡಿಗೆ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಮಾತಾಡುವವರು ಒಂದೇ ಗಂಟೆಯಲ್ಲಿ ಬಂದು ಹೋಗುವ ಊರು ನಮ್ಮದು. ಮಣಿಪಾಲದ ಕಡೆ ಹೋದರೆ ದೇಶದ ಎಲ್ಲ ಭಾಷೆಯ ಮಕ್ಕಳು. ಯಾರನ್ನೂ ಹೊರಗಿಡದ ದಾರಿ ಅಂದರೆ ಬರೀ ವಾದ್ಯ. ಕೊಳಲು, ವೀಣೆ, ಸ್ಯಾಕ್ಸೊಫೋನ್, ಗಿಟಾರ್. ಮಾತಿಲ್ಲದ ಸಂಗೀತ ಗಿರಾಕಿಯ ಮಾತಿಗೂ ಅಡ್ಡ ಬರುವುದಿಲ್ಲ. ನಮಗೆ ಗೊತ್ತಿರುವ ಭಾಷೆಯ ಹಾಡಾದರೆ ಮನಸ್ಸು ಸಾಹಿತ್ಯದ ಹಿಂದೆ ಹೋಗುತ್ತದೆ.

ಹಾಗಂತ ಊರಿನ ಹಾಡೇ ಬೇಡ ಅಂತ ಅಲ್ಲ. ಮುಂಬಯಿಯಿಂದ, ಗಲ್ಫ್‌ನಿಂದ ರಜೆಗೆ ಬಂದವರ ಮುಖ ಒಂದು ಹಳೆಯ ತುಳು ಹಾಡಿಗೆ ಅರಳುವುದನ್ನು ನಾನು ನೋಡಿದ್ದೇನೆ. ಕ್ರಿಸ್ಮಸ್ ಹೊತ್ತಿಗೆ ವಿಲ್ಫಿ ರೆಬಿಂಬಸ್ ಅವರ ಕೊಂಕಣಿ ಹಾಡು ಬಂದರೆ ಬೇಕರಿಯ ಸಾಲಿನಲ್ಲಿ ನಿಂತವರು ಮೆಲ್ಲ ದನಿಗೂಡಿಸುತ್ತಾರೆ. ನಡುನಡುವೆ ಬರಲಿ.

ಭಕ್ತಿಗೀತೆಯ ಬಗ್ಗೆ ಕೇಳುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ ಒಂದೆರಡು ಹಾಡು ಹಾಕುವುದು ಧನಿಯ ಶ್ರದ್ಧೆ. ಯಾವ ಗಿರಾಕಿಯೂ ಅದಕ್ಕೆ ಬೇಸರ ಮಾಡುವುದಿಲ್ಲ. ಉಡುಪಿಯ ರಥಬೀದಿಯ ಸುತ್ತ ಅದು ಊರಿನ ಬೆಳಗಿನ ಭಾಗವೇ. ಇಡೀ ದಿನ ಅದನ್ನೇ ಹಾಕಿದರೆ ಮಾತ್ರ ಭಕ್ತಿಗೆ ಕೊಡಬೇಕಾದ ಗಮನ ಯಾರೂ ಕೊಡುವುದಿಲ್ಲ.

ಒಂದೇ ಪೆನ್‌ಡ್ರೈವ್ ವರ್ಷ ಪೂರ್ತಿ ಓಡಿಸಿದರೆ ಏನಾಗುತ್ತದೆ?

ಗಿರಾಕಿಗೆ ಏನೂ ಆಗುವುದಿಲ್ಲ, ಅವರು ಅರ್ಧ ಗಂಟೆ ಇದ್ದು ಹೋಗುತ್ತಾರೆ. ಬಿಲ್ಲಿಂಗ್‌ನಲ್ಲಿ ಕೂರುವ ಹುಡುಗಿ ದಿನಕ್ಕೆ ಒಂಬತ್ತು ಗಂಟೆ ಅದನ್ನೇ ಕೇಳಬೇಕು. ಎರಡು ಗಂಟೆಯ ಪಟ್ಟಿಯಾದರೆ ಒಂದು ಹಾಡು ದಿನಕ್ಕೆ ನಾಲ್ಕು ಸಲ, ತಿಂಗಳಿಗೆ ನೂರು ಸಲ. ಹಂಪನಕಟ್ಟೆಯ ಹತ್ತಿರದ ಒಂದು ಅಂಗಡಿಯ ಹುಡುಗಿ ನನಗೆ ಹೇಳಿದ್ದು, "ಸರ್, ರಾತ್ರಿ ಮಲಗಿದರೂ ಅದೇ ಹಾಡು ತಲೆಯಲ್ಲಿ."

ಪಟ್ಟಿ ಕನಿಷ್ಠ ಎಂಟು ಗಂಟೆಯದ್ದಿರಲಿ. ತಿಂಗಳಿಗೊಮ್ಮೆ ಬದಲಾಯಿಸಿ. ಹಾಡು ಆರಿಸುವಾಗ ಕೆಲಸದವರನ್ನೂ ಕೇಳಿ. ಮಧ್ಯೆ ಒಂದು ಗಂಟೆ ಪೂರ್ತಿ ನಿಲ್ಲಿಸಿ, ಅವರ ಕಿವಿಗೂ ಬಿಡುವು ಬೇಕಲ್ವಾ.

ಟಿವಿ ನ್ಯೂಸೂ ಹಾಡೂ ಒಟ್ಟಿಗೆ?

ಬೇಡ. ಯಾವುದಾದರೂ ಒಂದು.

ಸದ್ದಿಗೂ ರುಚಿಗೂ ಸಂಬಂಧ ಉಂಟಂತೆ, ನಿಜವಾ?

ನಿಜ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಲ್ಲಿ ವಿಮಾನದೊಳಗಿನಷ್ಟು ಸದ್ದು, ಸುಮಾರು 85 ಡೆಸಿಬೆಲ್, ಕೇಳಿಸುತ್ತಾ ರುಚಿ ನೋಡಿಸಿದರು. ಸಿಹಿ ಕಮ್ಮಿ ಅನಿಸಿತು. ಟೊಮೆಟೊ ಸಾರಿನಲ್ಲಿರುವಂಥ ಉಮಾಮಿ ರುಚಿ ಎದ್ದು ಬಂತು. ಪಾಯಸ ಚೆನ್ನಾಗಿ ಮಾಡುವ ಅಡುಗೆ ಭಟ್ಟರು ನಿಮ್ಮಲ್ಲಿ ಇದ್ದರೆ, ಅವರ ಶ್ರಮದ ಮೇಲೆ ಸೌಂಡ್ ಸುರಿಯಬೇಡಿ.

ಬಾರ್ ಅಂಡ್ ರೆಸ್ಟೊರೆಂಟ್‌ನಲ್ಲಿ ಜೋರು ಹಾಡಿಟ್ಟರೆ ಜಾಸ್ತಿ ಕುಡಿಯುತ್ತಾರಾ?

ಫ್ರಾನ್ಸಿನ ಬಾರುಗಳಲ್ಲಿ 2008ರಲ್ಲಿ ನೋಡಿದ್ದಾರೆ. 72 ಡೆಸಿಬೆಲ್ ಇದ್ದಾಗ ಒಂದು ಗ್ಲಾಸ್ ಬಿಯರಿಗೆ ಸುಮಾರು ಹದಿನಾಲ್ಕೂವರೆ ನಿಮಿಷ. 88ಕ್ಕೆ ಏರಿಸಿದಾಗ ಹನ್ನೊಂದೂವರೆ. ಗ್ಲಾಸಿನ ಸಂಖ್ಯೆಯೂ ಏರಿತು.

ಲಾಭ ಕಾಣಿಸುತ್ತದೆ, ಆದರೆ ನಾನು ಆ ಕೆಲಸ ಮಾಡಿಕೊಡುವುದಿಲ್ಲ. ಅವಸರದಲ್ಲಿ ಕುಡಿದವರು ಆಮೇಲೆ ಬೈಕ್ ಹತ್ತಿ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಇಳಿಯುತ್ತಾರೆ. ಒಳಗಿನ ಹುಡುಗರ ಕಿವಿಯ ಲೆಕ್ಕವೂ ಉಂಟು. ಕೆಲಸದ ಜಾಗದಲ್ಲಿ 85 ಡೆಸಿಬೆಲ್ ಎಂಟು ಗಂಟೆಗೆ ಮಿತಿ ಅಂತ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧ. ಅಂದರೆ 88ರಲ್ಲಿ ನಾಲ್ಕೇ ಗಂಟೆ. ಬಾರ್ ಹುಡುಗರು ನಾಲ್ಕು ಗಂಟೆಗೆ ಮನೆಗೆ ಹೋಗುವುದಿಲ್ಲ.

ನನ್ನ ಮೊಬೈಲಿನ ಮ್ಯೂಸಿಕ್ ಆ್ಯಪ್‌ನಿಂದಲೇ ಹಾಕಬಹುದಾ? ದುಡ್ಡು ಕಟ್ಟಿದ್ದೇನಲ್ಲ.

ನೀವು ಕಟ್ಟಿದ್ದು ನಿಮ್ಮೊಬ್ಬರ ಕಿವಿಗೆ. ಸ್ಪಾಟಿಫೈನಂಥ ಆ್ಯಪ್‌ಗಳ ಷರತ್ತಿನಲ್ಲಿ ಸ್ವಂತ ಬಳಕೆಗೆ ಮಾತ್ರ, ವ್ಯಾಪಾರದ ಜಾಗಕ್ಕೆ ಅಲ್ಲ ಅಂತಲೇ ಬರೆದಿದೆ.

ಕಾನೂನು 1957ರ ಕೃತಿಸ್ವಾಮ್ಯ ಕಾಯ್ದೆ. ಒಂದು ಹಾಡಿನಲ್ಲಿ ಎರಡು ಹಕ್ಕು ಉಂಟು ಅಂತ ನೆನಪಿಟ್ಟುಕೊಳ್ಳಿ. ಸಾಹಿತ್ಯ ಮತ್ತು ರಾಗ ಕಟ್ಟಿದವರದ್ದು ಒಂದು. ರೆಕಾರ್ಡ್ ಮಾಡಿದ ಕಂಪನಿಯದ್ದು ಇನ್ನೊಂದು. ಕವಿಗಳು, ಸಂಗೀತ ನಿರ್ದೇಶಕರ ಪರವಾಗಿ ಲೈಸೆನ್ಸ್ ಕೊಡುವುದು 1969ರಲ್ಲಿ ಶುರುವಾದ ಐಪಿಆರ್‌ಎಸ್. ರೆಕಾರ್ಡಿಂಗಿನ ಕಡೆ ಪಿಪಿಎಲ್ ಹಳೆಯ ಸಂಸ್ಥೆ, 1941ರದ್ದು. ಎಲ್ಲ ಕಂಪನಿಗಳೂ ಒಂದೇ ಸಂಸ್ಥೆಯಲ್ಲಿ ಇಲ್ಲ. ಹಾಗಾಗಿ ನಿಮ್ಮ ಪಟ್ಟಿಯ ಹಾಡುಗಳ ಹಕ್ಕು ಯಾರಲ್ಲಿ ಉಂಟು ಅಂತ ನೋಡಿಯೇ ದುಡ್ಡು ಕಟ್ಟಿ. ರಶೀದಿ ಗಲ್ಲಾದಲ್ಲೇ ಇಟ್ಟುಕೊಳ್ಳಿ.

"ಕನಕದಾಸರ ಕೀರ್ತನೆಗೂ ಲೈಸೆನ್ಸಾ?" ಅಂತ ಉಡುಪಿಯ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಕೀರ್ತನೆಯ ಸಾಹಿತ್ಯ ಎಲ್ಲರದ್ದು, ಅದಕ್ಕೆ ಯಾರೂ ದುಡ್ಡು ಕೇಳುವ ಹಾಗಿಲ್ಲ. ಆದರೆ ಅದನ್ನು ಹತ್ತು ವರ್ಷದ ಹಿಂದೆ ಒಬ್ಬರು ಹಾಡಿ ರೆಕಾರ್ಡ್ ಮಾಡಿದ್ದರೆ ಆ ರೆಕಾರ್ಡಿಂಗಿನ ಮೇಲೆ 60 ವರ್ಷ ಹಕ್ಕು ಇರುತ್ತದೆ.

ಮದುವೆ ಮನೆಯ ದಿಬ್ಬಣ, ಮದುವೆಗೆ ಸೇರಿದ ಸಮಾರಂಭಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಉಂಟು. ಹೋಟೆಲು, ಅಂಗಡಿಗೆ ಅದು ಸಿಗುವುದಿಲ್ಲ.

ತುಳು, ಕೊಂಕಣಿ ಹಾಡಿನ ಹಕ್ಕು ಎಷ್ಟೋ ಸಲ ನಿರ್ಮಾಪಕರ ಕೈಯಲ್ಲೇ ಇರುತ್ತದೆ. ಫೋನ್ ಮಾಡಿ ಕೇಳಿ, ಲಿಖಿತವಾಗಿ ಒಪ್ಪಿಗೆ ತೆಗೆದುಕೊಳ್ಳಿ, ಕೈಲಾದದ್ದು ಕೊಡಿ. ಊರಿನ ಕಲಾವಿದರಿಗೆ ಆ ದುಡ್ಡು ದೊಡ್ಡದು.

ಅಂಗಡಿ ಬಾಗಿಲಲ್ಲಿ ರಸ್ತೆಗೆ ಮುಖ ಮಾಡಿ ಸ್ಪೀಕರ್ ಇಡಬಹುದಾ?

ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಇದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ವ್ಯಾಪಾರದ ಪ್ರದೇಶಕ್ಕೆ ಹಗಲು 65 ಡೆಸಿಬೆಲ್, ರಾತ್ರಿ 55. ಜನವಸತಿ ಇರುವಲ್ಲಿ ಹಗಲು 55, ರಾತ್ರಿ 45. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಆಗಿರಬಹುದು, ಅಲ್ಲಿ ಹಗಲೂ 50ಕ್ಕೆ ಮಿತಿ. ಮಂಗಳೂರಿನಲ್ಲಿ ಆಸ್ಪತ್ರೆ, ಕಾಲೇಜು ಹತ್ತಿರ ಹತ್ತಿರವೇ ಇರುವುದು. ಮೊದಲು ವಿಚಾರಿಸಿಕೊಳ್ಳಿ.

ಕಾನೂನು ಬಿಟ್ಟು ಹೇಳುವುದಾದರೂ, ಬಾಗಿಲಲ್ಲಿ ಕಿರುಚುವ ಸ್ಪೀಕರ್ ನೋಡಿ ಒಳಗೆ ಬರುವವರಿಗಿಂತ ಆಚೆ ಪಕ್ಕದ ಫುಟ್‌ಪಾತ್ ಹಿಡಿಯುವವರನ್ನೇ ನಾನು ಜಾಸ್ತಿ ಕಂಡಿದ್ದೇನೆ.

ಬಸ್ಸಿನ ಹಾಡು?

ಅಂಗಡಿಯಲ್ಲಿ ಸೌಂಡ್ ಜಾಸ್ತಿಯಾದರೆ ಎದ್ದು ಹೋಗಬಹುದು. ಮಂಗಳೂರಿನಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ಎಲ್ಲಿಗೆ ಹೋಗುವುದು? ಸ್ಪೀಕರಿನ ಕೆಳಗಿನ ಸೀಟು ಸಿಕ್ಕಿದರೆ ಗಂಟೆಗೂ ಮೇಲೆ ಅದರ ಕೆಳಗೇ ಕೂರಬೇಕು. ನಮ್ಮ ಬಸ್ಸಿನ ಹಾಡಿಗೆ ಅಭಿಮಾನಿಗಳಿದ್ದಾರೆ, ನನಗೂ ಕಾಲೇಜು ದಿನಗಳ ನೆನಪು ಅದರಲ್ಲೇ ಉಂಟು. ಡ್ರೈವರಣ್ಣನಿಗೆ ಉದ್ದದ ದಾರಿಯಲ್ಲಿ ಅದು ಜೊತೆ. ಆದರೂ ಹಿಂದಿನ ಸ್ಪೀಕರುಗಳಿಗೆ ಬೇರೆ ವಾಲ್ಯೂಮ್ ಗುಂಡಿ ಹಾಕಿಸುವುದು ದೊಡ್ಡ ಖರ್ಚಲ್ಲ. ಮುಂದೆ ಬೇಕಾದಷ್ಟು ಕೇಳಲಿ, ಹಿಂದೆ ಮೆಲ್ಲ ಇರಲಿ. ಪ್ರಯಾಣಿಕರು ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕುವುದಕ್ಕೆ ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ 2021ರಿಂದ ನಿರ್ಬಂಧ ಉಂಟು.

ಕ್ಲಿನಿಕ್‌ನಲ್ಲಿ ಕಾಯುವ ಜಾಗಕ್ಕೆ?

ತುಂಬಾ ಮೆಲ್ಲ, ಬರೀ ವಾದ್ಯ. ಟೋಕನ್ ನಂಬರ್ ಕರೆಯುವಾಗ ತನ್ನಷ್ಟಕ್ಕೆ ಹಾಡು ತಗ್ಗುವ ಹಾಗೆ ಮಾಡಿಸಿ. ನಂಬರ್ ಕೇಳದೆ ಕೂತೇ ಉಳಿದ ಅಜ್ಜ-ಅಜ್ಜಿಯರನ್ನು ಸಾಕಷ್ಟು ನೋಡಿದ್ದೇನೆ.

ಹಾಡೇ ಇಲ್ಲದಿದ್ದರೆ ಗಿರಾಕಿಗೆ ಬೋರ್ ಆಗುವುದಿಲ್ಲವಾ?

ಇಂಗ್ಲೆಂಡಿನ ದೊಡ್ಡ ಅಂಗಡಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ 2016ರಲ್ಲಿ ತನ್ನ ಮಳಿಗೆಗಳ ಹಿನ್ನೆಲೆ ಸಂಗೀತವನ್ನೇ ನಿಲ್ಲಿಸಿತು. ಗಿರಾಕಿಗಳು, ಕೆಲಸದವರು ಹೇಳಿದ್ದಕ್ಕೆ. 2018ರಲ್ಲಿ ಮಾರಿಸನ್ಸ್ ಎಂಬ ಸೂಪರ್‌ಮಾರ್ಕೆಟ್ ವಾರಕ್ಕೊಂದು ಶಾಂತ ಗಂಟೆ ಇಟ್ಟಿತು. ಆ ಹೊತ್ತಿಗೆ ಹಾಡು ಇಲ್ಲ, ಲೈಟು ಕಮ್ಮಿ, ಬಿಲ್ಲಿಂಗ್ ಮಿಷನಿನ ಬೀಪ್ ಮೆಲ್ಲ. ಆಟಿಸಂ ಇರುವ ಮಕ್ಕಳಿಗೆ, ದೊಡ್ಡವರಿಗೆ ಅಂಗಡಿಯ ಸದ್ದು ಸಹಿಸಲು ಆಗುವುದಿಲ್ಲ, ಅವರಿಗಾಗಿ ಮಾಡಿದ್ದು.

ನಮ್ಮ ಮಾಲ್‌ಗಳಲ್ಲೂ ಬೆಳಿಗ್ಗೆ ಬಾಗಿಲು ತೆಗೆದ ಮೊದಲ ಗಂಟೆ ಹೀಗೆ ಇಟ್ಟರೆ ಏನೂ ನಷ್ಟ ಇಲ್ಲ. ಆ ಹೊತ್ತಿಗೆ ಹೇಗೂ ಜನ ಕಮ್ಮಿ. ಇಂಥ ಮಗು ಇರುವ ಒಂದು ಮನೆಯವರು ನನಗೆ ಗೊತ್ತು. ಮಗನಿಗೆ ಚಪ್ಪಲಿ ಬೇಕಾದರೆ ಕಾಗದದ ಮೇಲೆ ಪಾದದ ಗೆರೆ ಎಳೆದು ತಂದೆ ಒಬ್ಬರೇ ಅಂಗಡಿಗೆ ಹೋಗುತ್ತಾರೆ. ಅಂಥ ಒಂದು ಗಂಟೆ ಇದ್ದರೆ ಆ ಹುಡುಗ ತಾನೇ ಬಂದು ಕಾಲಿಗೆ ಹಾಕಿ ನೋಡಬಹುದು.

ನಾನು ಗಿರಾಕಿ. ಸೌಂಡ್ ಜಾಸ್ತಿ ಅಂತ ಹೇಗೆ ಹೇಳುವುದು? ಜಗಳ ಆಗಬಾರದು.

ಆರ್ಡರ್ ಕೊಡುವ ಮೊದಲೇ ಹೇಳಿ. ಸಪ್ಲಾಯರಿಗೆ ಹೇಳಿದರೆ ಪಾಪ, ಅವರ ಕೈಯಲ್ಲಿ ಗುಂಡಿ ಇರುವುದಿಲ್ಲ. ನೇರ ಗಲ್ಲಾಕ್ಕೆ ಹೋಗಿ, "ಅಣ್ಣಾ, ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ? ಅಮ್ಮನಿಗೆ ಮಾತು ಕೇಳುವುದಿಲ್ಲ" ಅನ್ನಿ. ಹಾಡು ಚೆನ್ನಾಗಿಲ್ಲ ಅಂತ ಹೇಳಬೇಡಿ, ಅದು ಅವರು ಇಷ್ಟಪಟ್ಟು ಹಾಕಿದ್ದಿರಬಹುದು. ಕಾರಣ ಹೇಳಿದರೆ ಕಮ್ಮಿ ಮಾಡದವರು ಈ ಊರಲ್ಲಿ ನನಗೆ ಸಿಕ್ಕಿದ್ದು ಅಪರೂಪ. ಹೊರಡುವಾಗ ಒಂದು ಥ್ಯಾಂಕ್ಸ್ ಹೇಳಿ, ನಾಳೆ ಗುಂಡಿ ತಿರುಗಿಸುವಾಗ ಅವರಿಗೆ ನೆನಪಿರುತ್ತದೆ.

ಅಮ್ಮನ ಜೊತೆ ಹೋಗುವಾಗ ನಾನು ಒಳಗೆ ಕಾಲಿಟ್ಟ ಕೂಡಲೇ ಮೇಲೆ ನೋಡುತ್ತೇನೆ, ಸ್ಪೀಕರ್ ಎಲ್ಲೆಲ್ಲಿ ಉಂಟು ಅಂತ. ಅದರಿಂದ ದೂರದ, ಅಡುಗೆ ಮನೆಯ ಬಾಗಿಲಿಂದಲೂ ದೂರದ ಒಂದು ಮೂಲೆ ಹಿಡಿಯುತ್ತೇನೆ. ಮಗಳನ್ನು ಅಜ್ಜಿಯ ಎದುರು, ಅವಳ ಮುಖಕ್ಕೆ ಕಿಟಕಿಯ ಬೆಳಕು ಬೀಳುವ ಹಾಗೆ ಕೂರಿಸುತ್ತೇನೆ. ತುಟಿ ಕಂಡರೆ ಅಮ್ಮನಿಗೆ ಅರ್ಧ ಮಾತು ಅಲ್ಲೇ ಸಿಗುತ್ತದೆ.